ನಮ್ಮ ಮನೆಯ 28 ಎಷ್ಟು?

ಕಳೆದ ವರ್ಷ ಆಗಸ್ಟ್‌ನ ಒಂದು ಬುಧವಾರ. ಬೀದರ್‌ನ ಮಂಗಲಪೇಟೆಯಲ್ಲಿ ನಮ್ಮ ಓಣಿಯ ಮನೆ ಕೂಟ, ಅಂದರೆ ಮನೆಯಲ್ಲಿ ಸೇರುವ ಪ್ರಾರ್ಥನೆ ಕೂಟ, ಇತ್ತು. ನಾನು ಹಿಂದಿನ ರಾತ್ರಿ ನೌಬಾದ್‌ನಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜನ ಹತ್ತಿರ ಕೂತು, ಬೆಳಿಗ್ಗೆ ಅಲ್ಲಿಂದಲೇ ಆಸ್ಪತ್ರೆಯ ಡ್ಯೂಟಿಗೆ ಹೋಗಿ, ಸಂಜೆ ಕೂಟಕ್ಕೆ ಬಂದಿದ್ದೆ. ಗೋಡೆಗೆ ಒರಗಿ ಕೂತಿದ್ದೆ. ಕಣ್ಣು ಮುಚ್ಚಿದರೆ ನಿದ್ದೆ. ಅವತ್ತು ಪಾಸ್ಟರ್ ಅಯ್ಯನವರು ರೊಕ್ಕದ ಬಗ್ಗೆ ಮಾತಾಡಿದರು. ಕಾಣಿಕೆ ಜಾಸ್ತಿ ಹಾಕಿ ಅಂತಲ್ಲ. ನಮ್ಮ ಮೆಥೊಡಿಸ್ಟ್ ಸಭೆ, ಅಂದರೆ ನಮ್ಮ ಚರ್ಚು, ಶುರುವಾದದ್ದೇ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯವರಿಂದ, ಅವರು ಹೇಳಿದ ಒಂದು ಸಂಗತಿ ಹೇಳಿದರು.

ಆಕ್ಸ್‌ಫರ್ಡ್‌ನಲ್ಲಿದ್ದ ಮೊದಲ ಮೆಥೊಡಿಸ್ಟರಲ್ಲಿ ಒಬ್ಬರಿಗೆ ವರ್ಷಕ್ಕೆ 30 ಪೌಂಡ್ ಬರುತ್ತಿತ್ತಂತೆ. 28ರಲ್ಲಿ ಜೀವನ ಮಾಡಿ 2 ಪೌಂಡ್ ಬಡವರಿಗೆ ಕೊಟ್ಟರು. ಮರುವರ್ಷ 60 ಬಂತು. ಆಗಲೂ 28ರಲ್ಲೇ ಇದ್ದು 32 ಕೊಟ್ಟರು. ಮೂರನೇ ವರ್ಷ 90 ಬಂದರೆ 62, ನಾಲ್ಕನೇ ವರ್ಷ 120 ಬಂದರೆ 92. ಬರುವುದು ನಾಲ್ಕು ಪಟ್ಟಾದರೂ ಅವರ 28 ಮಾತ್ರ ಅಲ್ಲಾಡಲಿಲ್ಲ. ವೆಸ್ಲಿ ಇದನ್ನು ಬೇರೆ ಯಾರದೋ ಕಥೆ ಅನ್ನೋ ಹಾಗೆ ಹೇಳಿದ್ದಾರೆ, ಆದರೆ ಅದು ಅವರದೇ ಕಥೆ ಅಂತ ಬಹಳ ಜನ ನಂಬುತ್ತಾರೆ.

ನನ್ನ ನಿದ್ದೆ ಹಾರಿಹೋಯಿತು. ಆ ಮನುಷ್ಯ ಎಷ್ಟು ಕೊಟ್ಟರು ಅನ್ನೋದಕ್ಕಲ್ಲ. ಅವರಿಗೆ ತಮ್ಮ 28 ಎಷ್ಟು ಅಂತ ಗೊತ್ತಿತ್ತಲ್ಲ, ಅದಕ್ಕೆ. ನಮ್ಮ ಮನೆಯದು ಎಷ್ಟು? ಮದುವೆಯಾಗಿ 16 ವರ್ಷ ಆಗಿದೆ, ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯವರು ವೈರಿಂಗ್ ಕೆಲಸ ಮಾಡುತ್ತಾರೆ. ಅವರಿಗೂ ಗೊತ್ತಿರಲಿಲ್ಲ. ಇಬ್ಬರೂ ದುಡಿಯುತ್ತಿದ್ದೆವು, ತಿಂಗಳ 20ನೇ ತಾರೀಕಿಗೆ ಕೈ ಖಾಲಿ ಆಗುತ್ತಿತ್ತು. ಅಷ್ಟೇ ಗೊತ್ತು.

ಮನೆಗೆ ಬಂದು ಮಗಳ ಹಳೇ ನೋಟ್‌ಬುಕ್‌ನ ಖಾಲಿ ಹಾಳೆಯಲ್ಲಿ ಮೊದಲು ಒಂದು ಪಟ್ಟಿ ಮಾಡಿದೆ. ಲೆಕ್ಕ ಅಲ್ಲ, ನಮಗೆ ಯಾವುದು ಮುಖ್ಯ ಅನ್ನೋ ಪಟ್ಟಿ. ದೇವರ ಕೆಲಸ. ಮಕ್ಕಳ ಓದು. ಅತ್ತೆ ಮತ್ತು ಊರಲ್ಲಿರುವ ನನ್ನ ಅವ್ವ. ಕಷ್ಟದಲ್ಲಿರುವವರು. ಸಾಲ ಇಲ್ಲದೆ ಬದುಕುವುದು. ಯಾರು ಕೇಳಿದ್ದರೂ ನಾನು ಇವನ್ನೇ ಹೇಳುತ್ತಿದ್ದೆ, ಕೈ ಎದೆ ಮೇಲೆ ಇಟ್ಟು ಹೇಳುತ್ತಿದ್ದೆ.

ಸೆಪ್ಟೆಂಬರ್ ಒಂದರಿಂದ ಬರೆಯಲು ಶುರು ಮಾಡಿದೆ. ಫೋನ್‌ಪೇಯಲ್ಲಿ ಹೋದದ್ದು ಫೋನ್‌ನಲ್ಲೇ ಸಿಗುತ್ತದೆ, ಅದು ಸುಲಭ. ಕೈಯಿಂದ ಹೋದದ್ದು ಕಷ್ಟ. ನಮ್ಮ ಮನೆಯವರು ಮೊದಲ ವಾರ ಏನೂ ಬರೆಯಲಿಲ್ಲ. "ಚಾ ಕುಡಿದದ್ದೂ ಬರೀಬೇಕೇನು?" ಅಂದರು. ಬರೀರಿ ಅಂದೆ. ಆಮೇಲೆ ಕೆಲಸದ ಸಾಮಾನಿನ ಚೀಟಿಯ ಹಿಂದೆ ಬರೆದುಕೊಂಡು ಬರಲು ಶುರು ಮಾಡಿದರು, ರಾತ್ರಿ ಊಟ ಆದ ಮೇಲೆ ಜೇಬಿನಿಂದ ಆ ಚೀಟಿ ತೆಗೆದು ಮಗಳ ಮುಂದೆ ಇಡುವುದು, ಅವಳು ನೋಟ್‌ಬುಕ್‌ಗೆ ಇಳಿಸುವುದು. ಅವಳು ಒಂಬತ್ತನೇ ಕ್ಲಾಸು. ಕೂಡಿಸುವ ಕೆಲಸ ಪೂರ್ತಿ ಅವಳದೇ.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ನಾನು ಅಲ್ಲಿವರೆಗೆ ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ತಿಂಗಳ ಕೊನೆಗೆ ಅವರು ಹೇಳಿದಷ್ಟು ಕೊಡುತ್ತಿದ್ದೆ. ಅವರು ಮೋಸ ಮಾಡಿರಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಅದರಲ್ಲಿ ಕುರ್ಕುರೆ, ಬಿಸ್ಕಿಟು, ಸಣ್ಣ ಸಣ್ಣ ಶಾಂಪೂ ಪಾಕೀಟು, ದಿನಕ್ಕೆ ಕಾಲು ಕಿಲೋ ಸಕ್ಕರೆ, ಹೀಗೆ ಒಂದು ಪುಟ ತುಂಬ ಸಾಲು ಸಾಲು. ತೊಗರಿಬೇಳೆಯ ಊರಲ್ಲಿದ್ದುಕೊಂಡು ನಾನು ಬೇಳೆಯನ್ನು ಅರ್ಧರ್ಧ ಕಿಲೋ ತರುತ್ತಿದ್ದೆ.

ಮೂರು ತಿಂಗಳು ಬರೆದು ಸರಾಸರಿ ತೆಗೆದೆವು. ನನ್ನ ಸಂಬಳ 19,000. ಅವರದು ಹೆಚ್ಚು ಕಡಿಮೆ 16,000. ರೋಗಿಗಳ ಮನೆಯಲ್ಲಿ ನಾನು ಮಾಡುವ ರಾತ್ರಿ ಡ್ಯೂಟಿಯಿಂದ 6,000. ಅತ್ತೆಯ ಗೃಹಲಕ್ಷ್ಮಿ 2,000. ಒಟ್ಟು 43,000. ಹೋಗುವುದರಲ್ಲಿ ಮನೆಯ ಊಟ, ಹಾಲು, ಗ್ಯಾಸ್ ಸೇರಿ 11,800. ಮಕ್ಕಳ ಶಾಲೆಗೆ 4,000. ಅತ್ತೆಯ ಬಿಪಿ, ಶುಗರ್ ಮಾತ್ರೆಗೆ 1,400. ಪೆಟ್ರೋಲು, ರೀಚಾರ್ಜು 3,600. ಕಂತುಗಳು 10,600: ಗಾಡಿದು 3,400, ಫ್ರಿಜ್‌ದು 2,200, ಫೋನ್‌ದು 1,900, ಸಂಘದ ಸಾಲ 3,100. ಮದುವೆ, ಕುಬಸ (ಸೀಮಂತ), ತೊಟ್ಟಿಲು, ಆಹೇರಿ (ಸಂಬಂಧಿಕರ ಮದುವೆಗೆ ಒಯ್ಯುವ ಬಟ್ಟೆ, ಉಡುಗೊರೆ) ಅಂತ 4,700. ಹೊರಗಿನ ತಿಂಡಿ, ಆನ್‌ಲೈನ್‌ನಲ್ಲಿ ತರಿಸಿದ ಬಟ್ಟೆ ಬರೆ 5,300. ಸಭೆಗೆ 400. ಅವ್ವನಿಗೆ 500. ಉಳಿದ 700 ಎಲ್ಲಿ ಹೋಯಿತೋ ಕೊನೆಗೂ ಸಿಗಲಿಲ್ಲ.

ಮಗಳು ಎರಡು ಹಾಳೆ ಪಕ್ಕ ಪಕ್ಕ ಇಟ್ಟಳು. ಒಂದು ಕಡೆ ನಾನು ಬರೆದ ಪಟ್ಟಿ, ಇನ್ನೊಂದು ಕಡೆ ಅವಳು ಬರೆದ ಲೆಕ್ಕ. "ಮಮ್ಮಿ, ನೀನು ಮೊದಲು ಬರೆದದ್ದು ಇಲ್ಲಿ ಕೊನೆಗೆ ಇದೆ" ಅಂದಳು. ಅಷ್ಟೇ ಅಂದದ್ದು. ನಾನು ಎದ್ದು ಒಳಗೆ ಹೋಗಿ ಪಾತ್ರೆ ತೊಳೆದೆ. ದೇವರ ಕೆಲಸ ಮತ್ತು ಹೆತ್ತ ತಾಯಿ ಸೇರಿ 900 ರೂಪಾಯಿ. ಅದೇ ತಿಂಗಳು ಹೊರಗಿನ ತಿಂಡಿಗೂ ಬಟ್ಟೆಗೂ ಅದರ ಆರು ಪಟ್ಟು ಹತ್ತಿರ ಹೋಗಿತ್ತು.

ಬೈಬಲ್‌ನಲ್ಲಿ ಮತ್ತಾಯ 6ನೇ ಅಧ್ಯಾಯದಲ್ಲಿ ಯೇಸು ಹೇಳುವ ಮಾತು ನಮಗೆಲ್ಲ ಬಾಯಿಪಾಠ. ನಿನ್ನ ಗಂಟು ಎಲ್ಲಿದೆಯೋ ನಿನ್ನ ಮನಸ್ಸೂ ಅಲ್ಲೇ. ನಮ್ಮ ಕನ್ನಡ ಬೈಬಲ್‌ನಲ್ಲಿ ಸಂಪತ್ತು ಅಂತಿಲ್ಲ, ಗಂಟು ಅಂತಿದೆ. ಗಂಟು ಅಂದರೆ ನನಗೆ ನೆನಪಾಗುವುದು ನಮ್ಮ ಆಯಿಯ ಸೆರಗು. ಆಯಿ ಅಂದರೆ ಅವ್ವನ ಅವ್ವ. ಹುಮನಾಬಾದ್ ಕಡೆಯ ಹಳ್ಳಿ, ಕೂಲಿ ಮಾಡುವ ಮನೆ. ಆಯಿ ಬೀಸಲು ಕೂತಾಗ ಮೊರದಲ್ಲಿ ಜೋಳ ಹಾಕಿಕೊಂಡು, ಬೀಸುಕಲ್ಲಿಗೆ ಮೊದಲ ಹಿಡಿ ಹಾಕುವ ಮುಂಚೆ ಒಂದು ಹಿಡಿ ತೆಗೆದು ಪಕ್ಕದ ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಮೊರದಲ್ಲಿ ಜೋಳ ಕಡಿಮೆ ಇದ್ದ ದಿನ ಹಿಡಿ ಸಣ್ಣದಾಗುತ್ತಿತ್ತು, ಆದರೆ ತಪ್ಪುತ್ತಿರಲಿಲ್ಲ. ಭಾನುವಾರ ಆ ಡಬ್ಬಿಯ ಜೋಳ ಸೆರಗಿನಲ್ಲಿ ಕಟ್ಟಿ ಗುಡಿಗೆ ಒಯ್ಯುತ್ತಿದ್ದಳು. ನಮ್ಮ ಕಡೆ ಹಳ್ಳಿಯಲ್ಲಿ ಚರ್ಚಿಗೂ ಗುಡಿ ಅಂತಲೇ ಅನ್ನುತ್ತಿದ್ದರು. ಮುಂದೆ ಹೋಗಿ, ಮೇಜಿನ ಹತ್ತಿರ ನಿಂತು ಹಲ್ಲಿನಿಂದ ಗಂಟು ಬಿಚ್ಚುತ್ತಿದ್ದಳು, ಬಿಗಿಯಾಗಿ ಕಟ್ಟಿರುತ್ತಿದ್ದಳಲ್ಲ.

ಆಯಿ ಉಳಿದದ್ದು ಕೊಡುತ್ತಿರಲಿಲ್ಲ, ಮೊದಲಿನದು ಕೊಡುತ್ತಿದ್ದಳು. ನಾನು ಉಳಿದರೆ ಕೊಡುತ್ತಿದ್ದೆ. ಉಳಿಯುತ್ತಲೇ ಇರಲಿಲ್ಲ. ನನ್ನ ತೊಂದರೆ ಇಲ್ಲೇ ಇತ್ತು.

ಮುಂದಿನ ಬುಧವಾರ ಪಾಸ್ಟರ್ ಅಯ್ಯನವರನ್ನು ಕೇಳಿದೆ, ಇದನ್ನು ಸರಿ ಮಾಡುವುದು ಹೇಗೆ ಅಂತ. ಅವರು ವೆಸ್ಲಿಯ ಇನ್ನೊಂದು ಪ್ರಸಂಗದ, ಅಂದರೆ ಚರ್ಚಿನ ಉಪದೇಶದ, ವಿಷಯ ಹೇಳಿದರು, 1760ರಲ್ಲಿ ಅಚ್ಚಾದದ್ದು, ರೊಕ್ಕವನ್ನು ಹೇಗೆ ಬಳಸಬೇಕು ಅನ್ನೋದರ ಮೇಲೆ. ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು. ಇಷ್ಟು ನಾನೂ ಕೇಳಿದ್ದೆ. ಪೂರ್ತಿ ಕೇಳಿರಲಿಲ್ಲ. ಗಳಿಸು, ಆದರೆ ಜೀವಕ್ಕೆ, ಆರೋಗ್ಯಕ್ಕೆ ಪೆಟ್ಟಾಗುವ ಹಾಗಲ್ಲ, ಪಕ್ಕದವನಿಗೆ ಕೇಡಾಗುವ ಹಾಗೂ ಅಲ್ಲ. ಉಳಿಸು ಅಂದರೆ ಕೂಡಿಟ್ಟುಕೋ ಅಂತಲ್ಲ, ಶೋಕಿಗೆ, ನಾಲಿಗೆಗೆ, ಜನ ಹೊಗಳಲಿ ಅಂತ ದಂಡ ಮಾಡಬೇಡ ಅಂತ. ಕೊಡುವುದಕ್ಕೂ ಒಂದು ಸಾಲು ಇದೆ. ಮೊದಲು ನಿನಗೆ ಬೇಕಾದ ಊಟ ಬಟ್ಟೆ. ಆಮೇಲೆ ಹೆಂಡತಿ ಮಕ್ಕಳು, ಮನೆಯಲ್ಲಿರುವವರು. ಆಮೇಲೆ ಸಭೆಯವರು. ಆಮೇಲೆ ಎಲ್ಲರೂ. ಯಾವುದಾದರೂ ಖರ್ಚು ಸರಿಯೋ ತಪ್ಪೋ ಅಂತ ಅನುಮಾನ ಬಂದರೆ ಕೇಳಿಕೊಳ್ಳುವುದಕ್ಕೆ ನಾಲ್ಕು ಪ್ರಶ್ನೆಗಳನ್ನೂ ಹೇಳಿದ್ದಾರೆ. ಅದರಲ್ಲಿ ಮೊದಲನೆಯದು ನನಗೆ ಸಾಕಾಯಿತು: ಈ ಖರ್ಚು ಮಾಡುವಾಗ ನಾನು ಯಜಮಾನಳೋ, ದೇವರ ಸೊತ್ತಿನ ಮನೆವಾರ್ತೆ ನೋಡಿಕೊಳ್ಳುವವಳೋ?

ಮನೆವಾರ್ತೆ ಅನ್ನೋ ಮಾತು ಬೈಬಲ್‌ನ ಲೂಕ 16ರಲ್ಲಿ ಬರುತ್ತದೆ. ಯಜಮಾನ ಕರೆದು ನಿನ್ನ ಮನೆವಾರ್ತೆಯ ಲೆಕ್ಕ ಒಪ್ಪಿಸು ಅನ್ನುತ್ತಾನೆ. ನಾನು ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಪ್ರತಿ ದಿನ ಹಾಗೇ ಮಾಡುತ್ತೇನೆ. ಸಿರಿಂಜು ಎಷ್ಟು, ಇಂಜೆಕ್ಷನ್ ಎಷ್ಟು, ಆಕ್ಸಿಜನ್ ಸಿಲಿಂಡರ್ ಎಷ್ಟು, ಎಣಿಸಿ ಸಹಿ ಹಾಕಿ ಮುಂದಿನವರಿಗೆ ಕೊಡಬೇಕು. ಅವು ನನ್ನವಲ್ಲ, ನನ್ನ ಕೈಯಲ್ಲಿವೆ ಅಷ್ಟೇ. ಇದು ನನಗೆ ಹೊಸದಲ್ಲ. ಮನೆಯ ರೊಕ್ಕಕ್ಕೆ ಮಾತ್ರ ಹಾಗೆ ಯೋಚನೆ ಮಾಡಿರಲಿಲ್ಲ.

ಗಳಿಸುವ ಮಾತು ನನ್ನನ್ನು ಬಹಳ ದಿನ ಕಾಡಿತು. ತಿಂಗಳಿಗೆ ಹತ್ತು ರಾತ್ರಿ, ರಾತ್ರಿಗೆ 600. ಯಾಕೆ ಹೋಗುತ್ತಿದ್ದೆ? ಕಂತು ಕಟ್ಟಲು. ಆ ಹತ್ತು ರಾತ್ರಿಯ ಮರುದಿನ ಮಕ್ಕಳ ಮೇಲೆ ರೇಗುತ್ತಿದ್ದೆ, ಅಡುಗೆ ಮಾಡಲಾಗದೆ ಹೊರಗಿನಿಂದ ತರಿಸುತ್ತಿದ್ದೆ. ಹೊರಗಿನ ತಿಂಡಿಯ ಲೆಕ್ಕದ ತಾರೀಕು ನೋಡಿದರೆ ಹೆಚ್ಚಿನವು ನಾನು ರಾತ್ರಿ ಡ್ಯೂಟಿ ಮಾಡಿದ ಮರುದಿನವೇ. ಅವ್ವನ ಊರಿಗೆ ಒಂದೂವರೆ ಗಂಟೆ ದಾರಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಬಿಟ್ಟಿ. ಆದರೂ ನಾನು ವರ್ಷಕ್ಕೆ ಎರಡು ಸಲ ಹೋದರೆ ಜಾಸ್ತಿ. ರಜೆ ಇದ್ದ ದಿನ ಮಲಗಿಬಿಡುತ್ತಿದ್ದೆ.

ಹಾಗಾಗಿ ನಮ್ಮ 28 ಯಾವುದು ಅಂತ ಕೂತು ತೆಗೆದೆವು. ಊಟಕ್ಕೆ 11,500. ಇದನ್ನು ಕಡಿಮೆ ಮಾಡಬಾರದು ಅಂತ ನಾನೇ ಹೇಳಿದೆ, ಹಾಲು, ಬೇಳೆ, ಮೊಟ್ಟೆ ಬೆಳೆಯುವ ಮಕ್ಕಳಿಗೆ ಬೇಕೇ ಬೇಕು. ಶಾಲೆಗೆ 4,000, ಮಾತ್ರೆಗೆ 1,400, ಓಡಾಟ ಮತ್ತು ಫೋನಿಗೆ 3,000, ಬಟ್ಟೆ ಚಪ್ಪಲಿಗೆ 1,100. ಒಟ್ಟು 21,000. ಇಷ್ಟಿದ್ದರೆ ನಮ್ಮ ಐದು ಜನರ ಮನೆ ನಡೆಯುತ್ತದೆ. ಆ ಅಂಕಿ ನೋಡಿ ನಮ್ಮ ಮನೆಯವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. 43,000 ಬರುವ ಮನೆಯಲ್ಲಿ ಬಡತನ ಅನ್ನೋ ಹಾಗೆ ಬದುಕುತ್ತಿದ್ದೆವಲ್ಲ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಹುರುಪಿನಲ್ಲಿ ಅತ್ತೆಯ ಗೃಹಲಕ್ಷ್ಮಿ ರೊಕ್ಕವನ್ನೂ ನನ್ನ ಲೆಕ್ಕಕ್ಕೆ ಸೇರಿಸಿ, ಇದರಲ್ಲಿ ಇಷ್ಟು ಸಾಲಕ್ಕೆ, ಇಷ್ಟು ಸಭೆಗೆ ಅಂತ ಹಂಚಿಟ್ಟೆ. ಅವರನ್ನು ಕೇಳಲೇ ಇಲ್ಲ. ಅತ್ತೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು: "ಅದು ನನ್ನ ರೊಕ್ಕ ಯವ್ವಾ. ಅದರ ಲೆಕ್ಕ ದೇವರಿಗಿ ನಾನೇ ಕೊಡ್ತೀನಿ." ನನಗೆ ನಾಚಿಕೆಯಾಯಿತು. ಆ ದಿನವೇ ಆ 2,000 ಹೊಡೆದುಹಾಕಿದೆ. ಅವರು ಅದನ್ನು ಏನು ಮಾಡುತ್ತಾರೆ ಅಂತ ಇವತ್ತಿಗೂ ನಾನು ಕೇಳಿಲ್ಲ. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಹೇಳುವುದು ಇದೊಂದೇ: ನಿಮ್ಮ ಮನಸ್ಸು ಬದಲಾಗಿದೆ ಅಂತ ಮನೆಯವರೆಲ್ಲರ ಜೇಬಿಗೆ ಕೈ ಹಾಕಬೇಡಿ. ಮೊದಲು ಕೂತು ಮಾತಾಡಿ.

ಡಿಸೆಂಬರ್ ಮೊದಲ ವಾರ ನಮ್ಮ ಮನೆಯವರಿಗೆ ಒಂದು ಫಂಕ್ಷನ್ ಹಾಲ್‌ನ ವೈರಿಂಗ್ ಬಾಕಿ 38,000 ಒಟ್ಟಿಗೆ ಬಂತು. ಕ್ರಿಸ್‌ಮಸ್‌ಗೆ ಸೋಫಾ ತರಬೇಕು ಅಂತ ಎರಡು ವರ್ಷದಿಂದ ಮಾತಾಡುತ್ತಿದ್ದೆವು. ಒಂದು ಅಂಗಡಿಯಲ್ಲಿ ನೋಡಿಯೂ ಬಂದಿದ್ದೆವು, ಕಂದು ಬಣ್ಣದ್ದು, ಮಗ ಅದರ ಮೇಲೆ ಕೂತು ಎದ್ದು ಮಾಡಿದ್ದ. ಅವತ್ತು ರಾತ್ರಿ ಗಂಡ ಹೆಂಡತಿ ಪ್ರಾರ್ಥನೆ ಮಾಡಿ ಸಂಘದ ಸಾಲದ ಬಾಕಿ 22,000 ತೀರಿಸುವುದು ಅಂತ ತೀರ್ಮಾನ ಮಾಡಿದೆವು. ಫೋನಿನ ಉಳಿದ ಕಂತುಗಳನ್ನೂ ಮುಗಿಸಿದೆವು. ಉಳಿದದ್ದರಲ್ಲಿ ಮಕ್ಕಳಿಗೆ ಹಬ್ಬದ ಬಟ್ಟೆ. ಸಾಲಗಾರ ಸಾಲ ಕೊಟ್ಟವನಿಗೆ ಆಳು ಅಂತ ಜ್ಞಾನೋಕ್ತಿ 22ರಲ್ಲಿ ಇದೆ. ಪ್ರತಿ ವಾರ ಕಂತಿನ ದಿನ ಬಾಗಿಲ ಸಪ್ಪಳಕ್ಕೆ ಎದೆ ಹೊಡೆದುಕೊಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋಫಾ ಬರಲಿಲ್ಲ. ಕ್ರಿಸ್‌ಮಸ್ ದಿನ ಬಂದವರೆಲ್ಲ ಚಾಪೆ ಮೇಲೆ ಕೂತು ಕರ್ಜಿಕಾಯಿ ತಿಂದು ಹೋದರು. ಮಗ ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದ. ಅವನಿಗೆ ಬೇಜಾರಾದದ್ದು ಸುಳ್ಳಲ್ಲ.

ಕಂತು 10,600ರಿಂದ 5,600ಕ್ಕೆ ಇಳಿದ ಮೇಲೆ, ಜನವರಿಯಿಂದ ನಾನು ರಾತ್ರಿ ಡ್ಯೂಟಿ ಬಿಟ್ಟೆ. ಖರ್ಚು ಸರಿ ಮಾಡಲು ಹೋಗಿ ಗಳಿಕೆಯೇ ಕಡಿಮೆ ಆಯಿತು ಅಲ್ವಾ ಅಂತ ಜೊತೆಯ ಸಿಸ್ಟರ್ ಕೇಳಿದಳು. ಹೌದು. ಈಗ 35,000 ಬರುತ್ತದೆ. ಆದರೆ ಹೊರಗಿನ ತಿಂಡಿ, ಆನ್‌ಲೈನ್ ಸೇರಿ 2,000 ದಾಟುವುದಿಲ್ಲ, ನಾನು ಮನೆಯಲ್ಲಿದ್ದೇನಲ್ಲ. ತಿಂಗಳ ಮೊದಲ ವಾರ ಗಾಂಧಿ ಗಂಜ್‌ಗೆ ಹೋಗಿ ಜೋಳ, ಬೇಳೆ, ಅಕ್ಕಿ ಒಟ್ಟಿಗೆ ತರುತ್ತೇವೆ. ಉದ್ರಿ ಪುಸ್ತಕ ಮುಚ್ಚಿತು.

ಸಂಬಳ ಬಂದ ದಿನವೇ ಎರಡು ಲಕೋಟೆ ಮೊದಲು ತುಂಬುತ್ತವೆ. ಸಭೆಗೆ 2,000, ಅವ್ವನಿಗೆ 2,000. ದಶಮಾಂಶ ಅಂದರೆ 3,500 ಆಗಬೇಕು, ಅಲ್ಲಿಗೆ ಇನ್ನೂ ಮುಟ್ಟಿಲ್ಲ. ಕೆಲವರು ಸಾಲ ಇದ್ದರೂ ಹತ್ತರಲ್ಲಿ ಒಂದು ಮೊದಲು ಕೊಡಲೇಬೇಕು ಅನ್ನುತ್ತಾರೆ. ನಾನು ಬೈಬಲ್‌ನಲ್ಲಿ ಪೌಲ ಬರೆದ ಮಾತು ಹಿಡಿದಿದ್ದೇನೆ, ಒಬ್ಬೊಬ್ಬರೂ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟು, ಗೊಣಗದೆ, ಸಂತೋಷದಿಂದ. ಅವ್ವನಿಗೆ ತಿಂಗಳಿಗೊಮ್ಮೆ ನಾನೇ ಒಯ್ದು ಕೊಡುತ್ತೇನೆ. ಮೊದಲ ಸಲ ಕೊಟ್ಟಾಗ ಅವಳು ಎಣಿಸಲಿಲ್ಲ, ದಿಂಬಿನ ಕೆಳಗೆ ಇಟ್ಟು "ಊಟ ಮಾಡಿ ಹೋಗು" ಅಂದಳು.

ಎಲ್ಲ ಖರ್ಚೂ ಕತ್ತರಿಸಬೇಕು ಅಂತ ನಾನು ಈಗ ಅನ್ನುವುದಿಲ್ಲ. ನವೆಂಬರ್‌ನಲ್ಲಿ ತೆಲಂಗಾಣದ ವಿಕಾರಾಬಾದ್ ಹತ್ತಿರದ ಧಾರೂರಿನ ಕ್ರೈಸ್ತ ಜಾತ್ರೆಗೆ ಹೋಗುತ್ತೇವೆ, ಬೀದರ್‌ನ ಎಷ್ಟೋ ಮನೆಗಳು ಹೋಗುತ್ತವೆ. ಗಾಡಿ ಬಾಡಿಗೆ, ಅಲ್ಲಿ ಅಡುಗೆ, ಮಕ್ಕಳ ಕೈಗೆ ನಾಲ್ಕು ಕಾಸು ಅಂತ ಹೋದ ಸಲ 3,200 ಆಗಿತ್ತು. ಅದನ್ನು ಬಿಡೋಣವಾ ಅಂತ ನಮ್ಮ ಮನೆಯವರು ಕೇಳಿದರು. ಬೇಡ ಅಂದೆ. ಮರದ ಕೆಳಗೆ ಚಾಪೆ ಹಾಸಿ, ಮೂರು ಕಲ್ಲಿನ ಒಲೆಯ ಮೇಲೆ ಅಡುಗೆ ಮಾಡಿ, ರಾತ್ರಿ ಎಲ್ಲ ಹಾಡು ಕೇಳಿಕೊಂಡು ಮಲಗುವುದು ನಮ್ಮ ಮಕ್ಕಳಿಗೆ ವಿಶ್ವಾಸದ ಶಾಲೆ ಇದ್ದ ಹಾಗೆ. ಅದಕ್ಕೆ ತಿಂಗಳಿಗೆ 300 ಎತ್ತಿಡುತ್ತೇವೆ.

ಆಹೇರಿ ವಿಷಯ ಮಾತ್ರ ಇನ್ನೂ ನೋವು ಕೊಡುತ್ತದೆ. ನಮ್ಮ ಕಡೆ ಆಹೇರಿ ಸುಮ್ನೆ ಉಡುಗೊರೆ ಅಲ್ಲ. ಯಾರು ಯಾರಿಗೆ ಎಂಥ ಸೀರೆ ಹಾಕಿದರು ಅಂತ ಹತ್ತು ವರ್ಷ ನೆನಪಿಡುತ್ತಾರೆ. ಫೆಬ್ರವರಿಯಲ್ಲಿ ನಮ್ಮ ಮನೆಯವರ ಹತ್ತಿರದ ಸಂಬಂಧದಲ್ಲಿ ಒಂದು ಮದುವೆ. ಹಿಂದೆ ಆಗಿದ್ದರೆ ಸಾಲ ಮಾಡಿ ಎಲ್ಲರಿಗೂ ಬಟ್ಟೆ, ಪಾತ್ರೆ ಒಯ್ಯುತ್ತಿದ್ದೆವು. ಈ ಸಲ ಹುಡುಗಿಗೆ ಒಂದು ಒಳ್ಳೆ ಸೀರೆ, ಕೈಗೆ 1,001 ರೂಪಾಯಿ, ಮತ್ತು ಮನೆಯ ವೈರಿಂಗು, ಪೆಂಡಾಲ್ ಲೈಟು ಎಲ್ಲ ನಮ್ಮ ಮನೆಯವರೇ ಎರಡು ದಿನ ನಿಂತು ಮಾಡಿಕೊಟ್ಟರು, ಕೂಲಿ ಇಲ್ಲದೆ. ಆ ಮನೆಯವರಿಗೆ ಅದು ಕಾಣಲಿಲ್ಲ. ಇಬ್ಬರೂ ದುಡಿದರೂ ಕೈ ಬಿಗಿ ಅಂದರಂತೆ. ನಾನು ಎರಡು ಸಲ ಹೋಗಿ ಮಾತಾಡಿಸಿ ಬಂದೆ. ಮಾತಾಡುತ್ತಾರೆ, ಮೊದಲಿನ ಹಾಗಲ್ಲ. ನನ್ನ ತೀರ್ಮಾನ ಸರಿ ಅಂತಲೇ ನನಗೆ ಅನ್ನಿಸುತ್ತದೆ, ಆದರೆ ಮುಂಚೆಯೇ ಹೋಗಿ "ಈ ಸಲ ನಮ್ಮಿಂದ ಇಷ್ಟೇ ಆಗುತ್ತದೆ" ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಮದುವೆ ಮನೆಯಲ್ಲಿ, ಹತ್ತು ಜನರ ಮುಂದೆ ಅವರಿಗೆ ಗೊತ್ತಾಗಬಾರದಿತ್ತು.

ನೋಟ್‌ಬುಕ್ ಈಗಲೂ ಅಡುಗೆಮನೆಯ ಕಪಾಟಿನಲ್ಲೇ ಇದೆ. ದಿನಾ ಬರೆಯುವುದಿಲ್ಲ, ಶನಿವಾರ ರಾತ್ರಿ ವಾರದ್ದು ಒಟ್ಟಿಗೆ ಬರೆಯುತ್ತೇವೆ, ಮರುದಿನ ಬೆಳಿಗ್ಗೆ ಆರಾಧನೆ ಇರುತ್ತದೆ. ಫ್ರಿಜ್‌ನ ಕಂತು ಮುಂದಿನ ತಿಂಗಳು ಮುಗಿಯುತ್ತದೆ. ಆ 2,200 ಎಲ್ಲಿಗೆ ಹೋಗಬೇಕು ಅಂತ ಕಳೆದ ಶನಿವಾರ ಮಾತು ಶುರುವಾಯಿತು. ನಾನು ದಶಮಾಂಶ ಪೂರ್ತಿ ಮಾಡೋಣ ಅಂದೆ. ನಮ್ಮ ಮನೆಯವರು ತಮ್ಮ ಜೊತೆ ಕೆಲಸ ಮಾಡುವ ಹುಡುಗನ ಐಟಿಐ ಫೀಸು ಕಟ್ಟೋಣ ಅಂದರು. ಮಗ ಸೋಫಾ ಅಂದ. ಅತ್ತೆ ಏನೂ ಅನ್ನಲಿಲ್ಲ. ಮಗಳು ಆ ಸಾಲಿನ ಮುಂದೆ ಪೆನ್ಸಿಲ್‌ನಿಂದ 2,200 ಅಂತ ಬರೆದು, ಪಕ್ಕದ ಜಾಗ ಖಾಲಿ ಬಿಟ್ಟಿದ್ದಾಳೆ.